ಜಯತೀರ್ಥರಾಯರ ಗೇಟಿನ ಮುಂದಿನ ಫೈಬರ್

ಹೈದರಾಬಾದಿನ ಕುಷಾಯಿಗೂಡದ ಜಯತೀರ್ಥರಾಯರ ಮನೆಗೆ ಫೈಬರ್ ಬಂದಿತ್ತು. ಈ ಸಂಗತಿ ಫೈಬರ್ ಹಾಕಿದ ಕಂಪನಿಗೆ ಗೊತ್ತಿರಲಿಲ್ಲ, ಟೆಲಿಫೋನ್ ಇಲಾಖೆಗೆ ಗೊತ್ತಿರಲಿಲ್ಲ, ರಾಯರ ಮನೆಯ ಕಂಪ್ಯೂಟರಿಗಂತೂ ಅದರ ಸುಳಿವೇ ಇರಲಿಲ್ಲ. ಗೊತ್ತಿದ್ದದ್ದು ರಾಯರಿಗೆ, ರಾಯರು ಹೇಳಿದ ಮೇಲೆ ಇಡೀ ಕಾಲನಿಗೆ.

ಹಾಗೆಂದು ರಾಯರು ಸುಳ್ಳುಗಾರರಲ್ಲ. ಲಿಂಗಸುಗೂರಿನಿಂದ ಹೊಟ್ಟೆಪಾಡಿಗೆ ಬಂದು, ನಾಚಾರಂನಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರ ಸ್ಟೋರ್ ಕೀಪರ್ ಆಗಿ ಅರ್ಧ ಆಯುಷ್ಯ ಕಳೆದವರು. ಒಂದು ವಾಷರ್ ಲೆಕ್ಕಕ್ಕೆ ಸಿಗದಿದ್ದರೆ ಆ ದಿನ ಅವರಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಥ ಮನುಷ್ಯ ಇಲ್ಲದ್ದನ್ನು ಇದೆ ಎಂದದ್ದಕ್ಕೆ ಅವರ ಗೇಟಿನ ಮುಂದೆ ಬಿದ್ದ ತಗ್ಗೇ ಕಾರಣ.

ಅದು ಎರಡು ಸಾವಿರದ ಒಂದನೆಯ ಇಸವಿ. ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದು, ಊರಿನಲ್ಲಿ ಅಗೆಯದ ರಸ್ತೆಯೇ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ರಾಯರು ಹಾಲು ತರಲು ಗೇಟು ತೆರೆದರೆ ಎದುರಿಗೆ ರಸ್ತೆಯ ಬದಲು ಸೊಂಟಮಟ್ಟದ ಕಾಲುವೆ. ಅದರೊಳಗೆ ನಿಂತು ಗುದ್ದಲಿ ಹಾಕುತ್ತಿದ್ದವನು ಮೇಲೆ ಬುಟ್ಟಿ ಹಿಡಿದು ನಿಂತ ಹೆಂಡತಿಯಿಂದ ಶುದ್ಧ ಕನ್ನಡದಲ್ಲಿ ಬೈಸಿಕೊಳ್ಳುತ್ತಿದ್ದ. ರಾಯರಿಗೆ ಹಾಲು ಮರೆತುಹೋಯಿತು.

"ಯಾವೂರಪ್ಪಾ ನಿಮ್ದು?"

"ಮುದ್ದೇಬಿಹಾಳ ಕಡೀದ್ರಿ. ನಾ ಚಂದ್ರಾಮ, ಆಕಿ ಭಾಗ್ಯಶ್ರೀ."

"ಏನ್ ಅಗೀಲಿಕ್ಕತ್ತೀರಿ? ನೀರಿನ ಪೈಪೇನು?"

"ನೀರಲ್ರೀ ಯಪ್ಪಾ. ಫೈಬರ್ ಕೇಬಲ್ ಹಾಕಾಕತ್ತೀವ್ರಿ. ಅದರಾಗ ಬೆಳಕ ಓಡತೈತಂತ. ಕಂಪ್ಯೂಟರ್ ಭಾಳ ಜೋರ್ ಆಗತಾವಂತ್ರಿ."

"ಎಲ್ಲಿಗೆ ಹೋಗ್ತದ ಇದು?"

"ಅದು ನಮಗೇನ್ ಗೊತ್ತರಿ. ನಿಮ್ಮ ಗೇಟಿನ ಮಟಾ ಅಂತೂ ಬಂದೈತ್ರಿ."

ರಾಯರು ಕೊನೆಯ ಮಾತನ್ನು ಮಾತ್ರ ಕಿವಿಗೆ ಹಾಕಿಕೊಂಡರು. ಇಬ್ಬರಿಗೂ ಮನೆಯಿಂದ ಚಹಾ ತರಿಸಿ ಕೊಟ್ಟರು. ಸಂಜೆಯಷ್ಟರಲ್ಲಿ ಕಾಲನಿಯ ಪ್ರತಿ ಕಟ್ಟೆಗೂ ಹೋಗಿ, "ನಮ್ಮನಿಗೆ ಫೈಬರ್ ಬಂತ್ರೀ" ಎಂದು ಹೇಳಿ ಬಂದರು.

ಮಗಳು ಹರ್ಷಿತಾ ಮಾಧಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಂಜಿನಿಯರು. ಕೆಲಸದಿಂದ ಬಂದವಳು ಇದನ್ನು ಕೇಳಿ ಚಪ್ಪಲಿ ಬಿಡುವುದನ್ನೂ ಮರೆತಳು.

"ಅಪ್ಪಾ, ಆ ಕೇಬಲ್ ನಮ್ಮನಿಗೆ ಬರಂಗಿಲ್ಲ. ನಮ್ಮನಿ ಮುಂದಿಂದ ಹಾದು ಹೋಗ್ತದ, ಅಷ್ಟೆ."

"ಮನಿ ಮುಂದಿಂದ ಬಸ್ ಹಾದು ಹೋದ್ರ ಬಸ್ಸಿನ ಸೌಕರ್ಯ ಅದ ಅಂತೀವೋ ಇಲ್ಲೋ?"

"ಬಸ್ಸು ನಿಲ್ಲತದ ಅಪ್ಪಾ. ಇದು ನಿಲ್ಲಂಗಿಲ್ಲ."

"ನಮ್ಮ ಓಣ್ಯಾಗ ಬಸ್ಸೂ ನಿಲ್ಲಂಗಿಲ್ಲ" ಎಂದು ರಾಯರು ವಾದ ಗೆದ್ದರು.

ಮನೆಯಲ್ಲಿ ನಿಜವಾಗಿ ಇದ್ದದ್ದು ಟೆಲಿಫೋನ್ ತಂತಿಗೆ ಸಿಕ್ಕಿಸಿದ ಒಂದು ಮೋಡೆಮ್. ಇಂಟರ್‌ನೆಟ್ ಬೇಕೆಂದರೆ ಅದು ಮೊದಲು ನಂಬರು ತಿರುಗಿಸಿ, ಬಾಗಿಲ ಸಂದಿಗೆ ಬಾಲ ಸಿಕ್ಕ ಬೆಕ್ಕಿನ ಹಾಗೆ ಕೂಗಿಕೊಂಡು, ಆಮೇಲೆ ನಿಧಾನವಾಗಿ ಕೆಲಸಕ್ಕೆ ಇಳಿಯುತ್ತಿತ್ತು. ಅದು ಕೆಲಸ ಮಾಡುವಷ್ಟು ಹೊತ್ತು ಮನೆಗೆ ಫೋನು ಬರುವಂತಿಲ್ಲ. ನಡುವೆ ಯಾರಾದರೂ ರಿಸೀವರ್ ಎತ್ತಿದರೆ ಸಂಪರ್ಕ ಕಡಿದುಹೋಗಿ, ಇಳಿಯುತ್ತಿದ್ದದ್ದನ್ನು ಮತ್ತೆ ಮೊದಲಿನಿಂದ ಇಳಿಸಬೇಕು.

ಮೊದಲ ಪರೀಕ್ಷೆ ಪಕ್ಕದ ಮನೆಯ ಗುಂಡಮ್ಮನಿಂದ ಬಂತು. ಈಕೆ ತೆಲುಗಿನವಳು, ಬಾಯಿ ದೊಡ್ಡದು, ಭಕ್ತಿ ಅದಕ್ಕಿಂತ ದೊಡ್ಡದು. ಕಾಂಪೌಂಡಿನ ಮೇಲಿಂದ ತಲೆ ಹಾಕಿ, "ಅಣ್ಣಗಾರೂ, ಮೀ ಫೈಬರ್‌ಲೋ ಯಾದಗಿರಿಗುಟ್ಟ ಸ್ವಾಮಿ ಫೋಟೋ ಚೂಪಿಂಚಂಡಿ" ಎಂದಳು. ಸ್ವಾಮಿಯ ಫೋಟೋ ತೋರಿಸಿ ಎಂದು ಹೆಣ್ಣುಮಗಳು ಕೇಳುವಾಗ ಇಲ್ಲ ಎನ್ನುವುದು ಹೇಗೆ? ಈಗಲೇ ಬನ್ನಿ ಎಂದರೆ ಫೋಟೋದಲ್ಲಿ ಸ್ವಾಮಿಯ ಕಿರೀಟ ಮೂಡುವಷ್ಟರಲ್ಲಿ ಗುಂಡಮ್ಮನ ಮನೆಯ ಅನ್ನ ಸೀದುಹೋಗುತ್ತದೆ. ರಾಯರು ಒಂದು ಗಳಿಗೆ ಗಡ್ಡ ಕೆರೆದುಕೊಂಡು, ತಮಗೆ ಬರುವ ತೆಲುಗಿನಲ್ಲಿ, "ರೇಪು ಆರು ಗಂಟಲಕು ರಂಡಿ" ಎಂದರು. ನಾಳೆ ಆರು ಗಂಟೆಗೆ ಬನ್ನಿ, ಎಂದು.

ಆ ರಾತ್ರಿ ಊಟಕ್ಕೆ ಕುಳಿತಾಗ ಮಗಳನ್ನು ಕೇಳಿದರು: "ನಮ್ಮ ಮೋಡೆಮ್ಮಿಗೂ ಫೈಬರಿಗೂ ಎಷ್ಟು ಫರಕು?"

"ಅದು ನಮ್ಮದರಕಿಂತ ಎರಡು ಸಾವಿರ ಪಟ್ಟು ಜೋರು ಅಂತ ತಿಳ್ಕೋರಿ."

ರಾಯರು ಚಪಾತಿ ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿದರು. ಎರಡು ಸಾವಿರ ಸೆಕೆಂಡು ಎಂದರೆ ಸುಮಾರು ಅರ್ಧ ತಾಸು. ಫೈಬರಿಗೆ ಒಂದು ಸೆಕೆಂಡು ಹಿಡಿಯುವ ಕೆಲಸಕ್ಕೆ ನಮಗೆ ಅರ್ಧ ತಾಸು. ಹಾಗಾದರೆ ನೋಡುವವರು ಬರುವುದಕ್ಕಿಂತ ಅರ್ಧ ತಾಸು ಮೊದಲೇ ಶುರು ಮಾಡಿಬಿಟ್ಟರೆ ನಮ್ಮದೂ ಫೈಬರೇ! ವಿಜ್ಞಾನಿಗಳು ಸುಮ್ಮನೆ ಬೆಳಕು, ಗಾಜಿನ ಎಳೆ ಎಂದು ತಲೆ ಕೆಡಿಸಿಕೊಂಡಿದ್ದಾರೆ ಎಂದು ಅವರಿಗೆ ಅನ್ನಿಸಿತು. ಇನ್ನೂ ಒಂದು ಚಪಾತಿ ಹಾಕಿಸಿಕೊಂಡರು.

ಮರುದಿನ ಆರು ಗಂಟೆಗೆ ಗುಂಡಮ್ಮ ಮಡಿಸೀರೆ ಉಟ್ಟು ಬಂದಳು. ರಾಯರು ಒಂದು ಗುಂಡಿ ಒತ್ತಿದರು. ಮೊದಲೇ ಇಳಿಸಿಟ್ಟ ಸ್ವಾಮಿ ಕಿರೀಟದಿಂದ ಪಾದದವರೆಗೆ ಒಮ್ಮೆಲೇ ಪ್ರತ್ಯಕ್ಷನಾದ. ಗುಂಡಮ್ಮ ಕಂಪ್ಯೂಟರಿಗೆ ಕೈಮುಗಿದು, ಅದರ ಮೇಲೆ ಒಂದು ಹೂ ಇಟ್ಟು ಹೋದಳು.

ಆಮೇಲೆ ಕೇಳಬೇಕೆ? ಒಬ್ಬರಿಗೆ ಮೊಮ್ಮಗನ ಹತ್ತನೆಯ ತರಗತಿ ರಿಸಲ್ಟು ಬೇಕು, ಇನ್ನೊಬ್ಬರಿಗೆ ಕ್ರಿಕೆಟ್ ತಂಡದ ಫೋಟೋ. ರಾಯರು ಎಲ್ಲರಿಗೂ ಒಂದೇ ಮಾತು ಹೇಳಿದರು, ನಾಳೆ ಆರಕ್ಕೆ ಬನ್ನಿ. ಒಂದು ದಿನ ಕಾಯಿಸುವ ಫೈಬರ್ ಎಂಥದ್ದು ಎಂದು ಕಾಲನಿಯಲ್ಲಿ ಒಬ್ಬರೂ ಕೇಳಲಿಲ್ಲ. ಬದಲಿಗೆ ಅದರ ಗೌರವ ಹೆಚ್ಚಿತು. ದೊಡ್ಡ ಡಾಕ್ಟರೂ ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವುದಿಲ್ಲ, ಅಷ್ಟು ಜೋರಿನ ವಸ್ತು ಕೇಳಿದ ಕೂಡಲೇ ಹೇಗೆ ಬಂದೀತು ಎಂದು ಗುಂಡಮ್ಮನೇ ಎಲ್ಲರಿಗೂ ತಿಳಿಸಿ ಹೇಳುತ್ತಿದ್ದಳು.

ಇಷ್ಟಕ್ಕೇ ನಿಂತಿದ್ದರೆ ಕಥೆಯೂ ಇಲ್ಲ, ಕಷ್ಟವೂ ಇಲ್ಲ. ಆದರೆ ಮುಂದಿನ ಭಾನುವಾರ ಹರ್ಷಿತಾಳನ್ನು ನೋಡಲು ಗಂಡಿನ ಕಡೆಯವರು ಬಂದರು.

ಮೆಹದಿಪಟ್ಟಣಂನ ಜನಾರ್ದನರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೂಲತಃ ಕಲಬುರಗಿಯವರು. ಹೆಂಡತಿ ನಳಿನಿಬಾಯಿ, ಒಬ್ಬನೇ ಮಗ ಪ್ರಜ್ವಲ. ಹುಡುಗನೂ ಮಾಧಾಪುರದಲ್ಲೇ ಬೇರೆ ಕಂಪನಿಯಲ್ಲಿ ಎಂಜಿನಿಯರು. ಮನೆತನ ಒಳ್ಳೆಯದು, ಜಾತಕ ಕೂಡಿತ್ತು, ಹುಡುಗ ಶಿರಾ ಎರಡು ಸಲ ಹಾಕಿಸಿಕೊಂಡ. ರಾಯರ ಹೆಂಡತಿ ವೇದವತಿ ಅಡಿಗೆಮನೆಯಲ್ಲಿ ನಿಂತೇ ಮದುವೆಗೆ ಸೀರೆ ಎಷ್ಟು ಬೇಕು ಎಂದು ಎಣಿಸತೊಡಗಿದರು. ಈ ಸಂಬಂಧ ಕೂಡಿಬಂದರೆ ತಮಗೆ ಬೇರೆ ಏನೂ ಬೇಡ ಎಂದು ರಾಯರಿಗೂ ಅನ್ನಿಸಿತ್ತು. ಅಷ್ಟು ಸಂತೋಷದಲ್ಲಿ ಬಾಯಿ ಸುಮ್ಮನಿರುವುದು ಕಷ್ಟ.

"ನಮ್ಮಲ್ಲಿ ಫೈಬರ್ ಅದ್ರಿ" ಎಂದರು ರಾಯರು.

ಜನಾರ್ದನರಾಯರು ಚಹಾದ ಕಪ್ಪನ್ನು ಬಸಿಯ ಮೇಲಿಟ್ಟು, ಗಂಭೀರವಾಗಿ, "ಹೌದ್ರಿ? ನಮ್ಮಲ್ಲೂ ಅದ" ಎಂದರು.

ರಾಯರು ಶಿರಾದ ತಟ್ಟೆ ಕೆಳಗಿಟ್ಟರು. ಇಷ್ಟು ದಿನ ಫೈಬರ್ ಕಂಡವರು ಯಾರೂ ಎದುರಿಗೆ ಕೂತಿರಲಿಲ್ಲ.

"ಹಂಗಾದ್ರ ಚಲೋ ಆತು" ಎಂದು ಜನಾರ್ದನರಾಯರು ಮುಂದುವರಿಸಿದರು. "ನಮ್ಮ ಪ್ರಜ್ವಲನ ಕಂಪನೀಯವರು ಒಂದು ಫಿಲಂ ಮಾಡ್ಯಾರ. ಅದರಾಗ ಇವನೂ ಮಾತಾಡ್ಯಾನ. ಇಂಟರ್‌ನೆಟ್ಟಿನ್ಯಾಗ ಹಾಕ್ಯಾರ. ನಿಮಗೇನು, ಫೈಬರಿನ್ಯಾಗ ಕಣ್ಣು ಮುಚ್ಚಿ ತೆಗಿಯೂದ್ರಾಗ ತೆರೀತದ. ನೋಡ್ರಿ. ನಾವು ಬುಧವಾರ ಫೋನ್ ಮಾಡ್ತೀವಿ."

"ಅದಕ್ಕೇನ್ರಿ! ನಮ್ಮ ಹರ್ಷಿತಾನ ಕಂಪನೀದೂ ಒಂದು ಫಿಲಂ ಅದ" ಎಂದು ರಾಯರು ಬಿಟ್ಟುಕೊಡಲಿಲ್ಲ. "ನೀವೂ ನೋಡ್ರಿ. ನಿಮಗಂತೂ ಎರಡು ಸೆಕೆಂಡು."

ಜನಾರ್ದನರಾಯರು ಯಾಕೋ ಒಮ್ಮೆ ಕೆಮ್ಮಿ, ಆಗಲಿ ಎಂದರು.

ಫಿಲಂ ಎಂಬತ್ತು ಎಂಬಿ ಇತ್ತು. ಸೋಮವಾರ ಕೆಲಸಕ್ಕೆ ರಜೆ ಹಾಕಿ ರಾಯರು ಲೆಕ್ಕ ಮಾಡಿದರು. ಎಂಬತ್ತು ಸಾವಿರ ಕೆಬಿ, ಮೋಡೆಮ್ಮಿನ ವೇಗ ಐವತ್ತು, ಭಾಗಿಸಿದರೆ ಅರ್ಧ ತಾಸೂ ಹಿಡಿಯುವುದಿಲ್ಲ. ಚಹಾ ಕುಡಿಯುತ್ತ ಕೂತರು. ಅರ್ಧ ತಾಸಾದ ಮೇಲೆ ನೋಡಿದರೆ ಹನ್ನೆರಡು ಪರ್ಸೆಂಟು ಇಳಿದಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ತೊಂಬತ್ತಾದಾಗ, ವೇದವತಿ ತಂಗಿಗೆ ಶಿರಾದ ಸುದ್ದಿ ಹೇಳಲು ರಿಸೀವರ್ ಎತ್ತಿದರು.

ಸಂಜೆ ಹರ್ಷಿತಾ ಬಂದಾಗ ರಾಯರು ತಲೆಗೆ ಕೈ ಹೊತ್ತಿದ್ದರು.

"ಅಪ್ಪಾ, ನಿಮ್ಮ ಲೆಕ್ಕ ತಪ್ಪು. ಫೈಲು ಅಳೆಯೂದು ಬೈಟಿನ್ಯಾಗ, ಲೈನು ಅಳೆಯೂದು ಬಿಟ್ಟಿನ್ಯಾಗ. ಎಂಟು ಬಿಟ್ ಸೇರಿದ್ರ ಒಂದು ಬೈಟು. ಎಂಟರಿಂದ ಗುಣಿಸಬೇಕು. ಮೂರೂವರಿ ತಾಸು ಹಿಡೀತದ."

ಇಪ್ಪತ್ತು ವರ್ಷ ಡಜನ್ನು, ಗ್ರೋಸು ಎಣಿಸಿದ ಸ್ಟೋರ್ ಕೀಪರಿಗೆ ಇದು ತಡೆಯಲಾರದ ಅವಮಾನವಾಯಿತು. "ಎಂಟು ಯಾಕ? ಹನ್ನೆರಡಿದ್ರ ಡಜನ್ ಅಂತ ನೆನಪಿರ್ತಿತ್ತು" ಎಂದು ಗೊಣಗಿದರು.

"ಅದಿರ್ಲಿ ಅಪ್ಪಾ, ನಾ ನಿಮಗೊಂದು ಮಾತು ಹೇಳಬೇಕಿತ್ತು. ಆ ಪ್ರಜ್ವಲ..."

"ಅದನ್ನ ಇಳಸ್ಲಿಕ್ಕತ್ತೀನವ್ವಾ! ನಡು ಮಾತಾಡ್ಬ್ಯಾಡ. ಈಗ ಮತ್ತ ಹಚ್ಚೀನಿ."

ಹರ್ಷಿತಾ ತಾಯಿಯ ಕಡೆ ನೋಡಿದಳು. ತಾಯಿ ರಿಸೀವರ್ ಎತ್ತಿದ ತಪ್ಪಿಗೆ ಬಾಯಿ ಮುಚ್ಚಿಕೊಂಡು ಕಾಯಿಪಲ್ಯ ಹೆಚ್ಚುತ್ತಿದ್ದರು.

ಮಂಗಳವಾರ ರಜೆಯನ್ನು ವಾರಪೂರ್ತಿಗೆ ಬೆಳೆಸಿ, ರಿಸೀವರಿಗೆ ಮಗಳ ಹಳೆಯ ರಿಬ್ಬನ್ ಬಿಗಿದು, ರಾಯರು ಕಾವಲು ಕೂತರು. ಅರವತ್ತು ಆದಾಗ ಕರೆಂಟು ಹೋಯಿತು. ಬುಧವಾರ ಎಪ್ಪತ್ತೈದಕ್ಕೆ ಲೈನು ತಾನೇ ಬಿದ್ದುಹೋಯಿತು. ಆಗ ರಾಯರಿಗೆ ನೆನಪಾಯಿತು, ಇವತ್ತು ಮೆಹದಿಪಟ್ಟಣಂನಿಂದ ಫೋನ್ ಬರಬೇಕಿತ್ತಲ್ಲ! ಬೆಳಗಿನಿಂದ ಲೈನು ಮೋಡೆಮ್ಮಿನ ಕೈಯಲ್ಲೇ ಇತ್ತು. ತಡಬಡಿಸಿ ರಿಬ್ಬನ್ ಬಿಚ್ಚಿ ತಾವೇ ನಂಬರು ತಿರುಗಿಸಿದರು. ಎಂಗೇಜ್. ಹತ್ತು ನಿಮಿಷ ಬಿಟ್ಟು ತಿರುಗಿಸಿದರು, ಆಗಲೂ ಎಂಗೇಜ್. ಗುರುವಾರ ಬೆಳಿಗ್ಗೆಯೂ ಅದೇ.

"ವೇದಾ, ಸಂಬಂಧ ತಪ್ಪಿತು" ಎಂದು ರಾಯರು ಕುರ್ಚಿಯಲ್ಲಿ ಕುಸಿದರು. "ಅವರ ಫೋನು ಒಂದು ಗಳಿಗಿ ಖಾಲಿ ಇಲ್ಲ. ಊರಾನ ಹೆಣ್ಣಿನವರೆಲ್ಲಾ ಅವರಿಗೇ ಫೋನ್ ಮಾಡ್ಲಿಕ್ಕತ್ತಾರ."

"ಅಲ್ರೀ, ಬಸ್ ಹತ್ತಿ ಹೋಗಿ ಕೇಳಿ ಬರಬಾರದೇನು?"

"ಹೆಣ್ಣಿನವರು ನಾವು ಓಡಿ ಹೋದ್ರ ಹಗುರಾಗ್ತೀವಿ. ಅಲ್ಲದ, ಫಿಲಂ ನೋಡಿದ್ರೇನು ಅಂತ ಕೇಳಿದ್ರ? ಅವರ ಮನ್ಯಾಗ ಖರೇ ಫೈಬರ್ ಅದ. ಒಂದು ಮಾತಿನ್ಯಾಗ ಹಿಡಿದುಬಿಡ್ತಾರ. ಸುಳ್ಳು ಹೇಳೋ ಮನಿ ಅಂತ ತಿಳದ್ರ ಹುಡುಗಿ ಗತಿ ಏನು?"

ಅವರಿಗೆ ತೋಚಿದ್ದು ಒಂದೇ ದಾರಿ. ಮೆಹದಿಪಟ್ಟಣಂನ ಇಂಥ ನಂಬರು ಕೆಟ್ಟಿದೆ, ಸದಾ ಎಂಗೇಜ್ ಬರುತ್ತದೆ ಎಂದು ಟೆಲಿಫೋನಿನವರಿಗೆ ಒಂದು ಕಂಪ್ಲೇಂಟು ಕೊಟ್ಟು, ಮತ್ತೆ ರಿಬ್ಬನ್ ಬಿಗಿದು ಮೋಡೆಮ್ ಹಚ್ಚಿದರು.

ಶುಕ್ರವಾರ ಬಾಗಿಲಿಗೆ ಲೈನ್‌ಮನ್ ಬಂದ. ಆದರೆ ರಾಯರ ಮನೆ ಬಾಗಿಲಿಗೇ ಬಂದ.

"ಕ್ಯಾ ಸಾಬ್, ಆಪ್ ಕಾ ಫೋನ್ ಬುಧವಾರ್ ಸೇ ಎಂಗೇಜಿಚ್ ಹೈ ಬೋಲ್ಕೆ ಕಂಪ್ಲೇಂಟ್ ಆಯಾ."

ಈ ಫೋನು ಸದಾ ಎಂಗೇಜ್ ಎಂದು ಕಂಪ್ಲೇಂಟು ಯಾರು ಕೊಟ್ಟರೆಂದು ಅವನಿಗೂ ಗೊತ್ತಿರಲಿಲ್ಲ. ರಾಯರು ಅವನನ್ನು ಒಳಗೆ ಕರೆದು, ಸ್ವಲ್ಪಸ್ವಲ್ಪವೇ ಮುಂದೆ ಸರಿಯುತ್ತಿದ್ದ ನೀಲಿ ಪಟ್ಟಿಯನ್ನು ತೋರಿಸಿ, ಬೇರೆ ಏನೂ ತೋಚದೆ, "ಫೈಬರ್ ಚಲ್ ರಹಾ ಹೈ" ಎಂದರು.

ಲೈನ್‌ಮನ್ ಬಗ್ಗಿ ತಂತಿ ನೋಡಿದ, ಎದ್ದು ರಾಯರ ಮುಖ ನೋಡಿದ. "ಫೈಬರ್? ಹಮಾರೇ ಡಿಪಾರ್ಟ್‌ಮೆಂಟ್ ಕು ಮಾಲೂಮಿಚ್ ನೈ!" ಎಂದ, ಇಲಾಖೆಗೇ ಗೊತ್ತಿಲ್ಲವಲ್ಲ ಎಂದು ಬೆರಗಾಗಿ. ಆಮೇಲೆ ದನಿ ತಗ್ಗಿಸಿ, "ಸೀದಾ ದಿಲ್ಲಿ ಸೇ ಆಯಾ ಹೋಂಗಾ" ಎಂದು, ನೇರ ದಿಲ್ಲಿಯಿಂದಲೇ ಬಂದಿರಬೇಕೆಂದು ತಾನೇ ಸಮಾಧಾನ ಮಾಡಿಕೊಂಡ. ಹೊರಡುವಾಗ ತನ್ನ ಹೆಂಡತಿಯ ತಮ್ಮನಿಗೂ ಒಂದು ಕನೆಕ್ಷನ್ ಕೊಡಿಸಲು ಸಾಧ್ಯವೇ ಎಂದು ಕೈ ಹಿಡಿದು ಕೇಳಿದ. ರಾಯರು ಅಭ್ಯಾಸಬಲದಿಂದ ಅವನಿಗೂ ನಾಳೆ ಆರಕ್ಕೆ ಬರಲು ಹೇಳಿದರು.

ಆ ದಿನವೂ ಫಿಲಂ ಪೂರ್ತಿಯಾಗಲಿಲ್ಲ. ಶನಿವಾರ ಹರ್ಷಿತಾ ಮತ್ತೊಮ್ಮೆ, "ಅಪ್ಪಾ, ಪ್ರಜ್ವಲನ ವಿಷಯ..." ಎಂದು ಬಂದಳು. "ನಲವತ್ತಾರು ಆಗ್ಯದವ್ವಾ, ಜೋರಾಗಿ ಉಸುರು ಸಹಿತ ಬಿಡಬ್ಯಾಡ" ಎಂದು ರಾಯರು ಎರಡೂ ಕೈ ಜೋಡಿಸಿದರು. ಹುಡುಗಿ ಭುಜ ಕುಣಿಸಿ, ಒಳಗೊಳಗೇ ನಗುತ್ತ ಹೊರಟುಹೋದಳು.

ಭಾನುವಾರ ಹನ್ನೊಂದು ಗಂಟೆಗೆ, ಎಂಬತ್ತೆರಡು ಪರ್ಸೆಂಟು ಇಳಿದಿದ್ದಾಗ, ಗೇಟಿನ ಮುಂದೆ ಆಟೋ ನಿಂತಿತು. ಜನಾರ್ದನರಾಯರು, ನಳಿನಿಬಾಯಿ, ಪ್ರಜ್ವಲ. ಮುಚ್ಚಿದ ಕಾಲುವೆಯ ಮಣ್ಣಿನ ದಿಬ್ಬ ದಾಟಿ ಮೂವರೂ ಒಳಗೆ ಬಂದರು. ಜನಾರ್ದನರಾಯರ ಮುಖದಲ್ಲಿ ನಗುವಿರಲಿಲ್ಲ.

ರಾಯರು ಕಂಪ್ಯೂಟರಿದ್ದ ಕೋಣೆಯ ಪರದೆಯನ್ನು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತರು. ವೇದವತಿ ಸುಸಲಾ ಮಾಡಲು ಮಂಡಕ್ಕಿ ತೋಯಿಸಿದರು.

"ಫೋನ್ ಹತ್ತಲೇ ಇಲ್ಲ. ಅದಕ್ಕ ನಾವ ಬಂದ್ವಿ" ಎಂದರು ಜನಾರ್ದನರಾಯರು.

"ಬರ್ರಿ ಬರ್ರಿ, ನಿಮ್ಮ ಮನಿನ ಇದು."

ಜನಾರ್ದನರಾಯರು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತರು.

"ಪ್ರಜ್ವಲನ ಫಿಲಂ ನೋಡಿದಿರೇನ್ರಿ?"

"ನೋಡಿದ್ವಿ. ಭಾಳ ಚಂದ ಮಾತಾಡ್ಯಾರ" ಎಂದರು ರಾಯರು, ಹಣೆ ಒರೆಸಿಕೊಳ್ಳುತ್ತ. "ನೀವು ನಮ್ಮ ಹುಡುಗೀದು?"

"ನೋಡಿದ್ವಿ, ನೋಡಿದ್ವಿ. ಶುರುವಿಗೆ ಒಂದು ಬಿಲ್ಡಿಂಗ್ ತೋರಸ್ತಾರಲ್ಲ, ಅದು ಭಾಳ ಚಂದ ಬಂದದ."

"ಹೌದ್ರಿ, ಬಿಲ್ಡಿಂಗ್ ಚಂದ ಅದ" ಎಂದರು ರಾಯರು. ಆ ಫಿಲಂ ಅನ್ನು ಅವರೂ ನೋಡಿರಲಿಲ್ಲ.

ಹಿರಿಯರ ಈ ಮಾತುಕತೆ ಯಾವ ದಡಕ್ಕೆ ಹೋಗಿ ಮುಟ್ಟುತ್ತಿತ್ತೋ ಗೊತ್ತಿಲ್ಲ. ನಳಿನಿಬಾಯಿ ಎದ್ದು, "ನಮ್ಮಕ್ಕಗ ಮುಟ್ಟಿದ್ವಿ ಅಂತ ಒಂದು ಫೋನ್ ಮಾಡ್ತೀನ್ರಿ" ಎಂದು, ರಾಯರು ಬೇಡ ಎನ್ನುವಷ್ಟರಲ್ಲಿ ರಿಬ್ಬನ್ ಬಿಚ್ಚಿ ರಿಸೀವರ್ ಕಿವಿಗೆ ಹಿಡಿದರು. ಹಿಡಿದವರೇ ಒಂದು ಗೇಣು ದೂರ ಸರಿಸಿದರು. ಅದರೊಳಗಿನ ಕರ್ಕಶ ಸದ್ದು ಹಾಲಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಅಯ್ಯ! ನಿಮ್ಮ ಫೋನೂ ನಮ್ಮ ಫೋನಿನಂಗನ ಒದರ್ತದಲ್ರೀ!" ಎಂದರು ನಳಿನಿಬಾಯಿ. "ನಮ್ಮನ್ಯಾಗ ಒಂದು ವಾರ ಆತು. ಮುಟ್ಟಿದ್ರ ಸಾಕು, ಇವರು ಹುಲಿಯಾಗ್ತಾರ."

ಒಳಗೆ ಕಂಪ್ಯೂಟರು ಟಣ್ ಎಂದಿತು. ಸಂಪರ್ಕ ಕಡಿದಿತ್ತು. ಜಯತೀರ್ಥರಾಯರು ನೆಲ ನೋಡುತ್ತ ನಿಂತರು. ಜನಾರ್ದನರಾಯರು ಸೂರು ನೋಡುತ್ತ ಕೂತರು. ಕೊನೆಗೆ ಜನಾರ್ದನರಾಯರೇ ಸಣ್ಣ ದನಿಯಲ್ಲಿ ಕೇಳಿದರು:

"ಎಷ್ಟು ಪರ್ಸೆಂಟ್ ಆಗಿತ್ರೀ?"

"ಎಂಬತ್ತೆರಡು."

"ಛೇ, ಛೇ" ಎಂದು ಅವರು ನಿಜವಾಗಿ ಮರುಗಿದರು. "ನಂದು ನಿನ್ನೆ ತೊಂಬತ್ತೊಂದಕ್ಕ ಕಡೀತು."

"ಅಂದ್ರ ನಿಮ್ಮ ಫೈಬರ್?"

"ಓಣ್ಯಾಗ ಅಗದಾರ್ರಿ. ನಮ್ಮ ಗೇಟಿನ ಮಟಾ ಬಂದದ."

ಜಯತೀರ್ಥರಾಯರಿಗೆ ಆ ಮನುಷ್ಯನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಹೋಗಿ ಪಕ್ಕದಲ್ಲೇ ಕೂತರು. ವಾರವೆಲ್ಲ ಎರಡೂ ಮನೆಯ ಫೋನುಗಳು ಒಂದರ ದಾರಿ ಇನ್ನೊಂದು ಕಾಯುತ್ತ, ತಮ್ಮ ತಮ್ಮ ಮೋಡೆಮ್ಮಿಗೆ ಸಿಕ್ಕಿಬಿದ್ದಿದ್ದವು. ಬೇರೆ ಹೆಣ್ಣಿನವರ ಫೋನು ಎಂದು ಇವರು ಕೊರಗಿದ್ದರೆ, ಬೇರೆ ಗಂಡಿನವರ ಫೋನು ಎಂದು ಅವರು ಕೊರಗಿದ್ದರು.

"ನಾ ಕಂಪ್ಲೇಂಟ್ ಸಹಿತ ಕೊಟ್ಟೆ" ಎಂದರು ಜನಾರ್ದನರಾಯರು.

"ಅದು ನೀವೇನು? ನಾನೂ ಕೊಟ್ಟೀನಿ."

"ಹಂಗಾದ್ರ ನಿನ್ನೆ ನಮ್ಮನಿಗೆ ಬಂದ ಲೈನ್‌ಮನ್ ನಿಮ್ಮವನೇ! ಹೋಗೂದ್ರಾಗ ಎರಡು ಸಲ ಚಹಾ ಕುಡದ." ಅವರು ನಕ್ಕು ಕಣ್ಣೀರು ಒರೆಸಿಕೊಂಡರು. "ಆದ್ರ ಒಂದು ತಿಳೀಲಿಲ್ಲ. ನನ್ನ ಲೆಕ್ಕದಾಗ ಅರ್ಧ ತಾಸಿಗೆ ಮುಗೀಬೇಕು."

"ಎಂಟರಿಂದ ಗುಣಿಸಿದಿರೇನು?" ಎಂದರು ಜಯತೀರ್ಥರಾಯರು, ಹುಟ್ಟಿದಾಗಿನಿಂದ ಗುಣಿಸುತ್ತ ಬಂದವರ ಗತ್ತಿನಲ್ಲಿ.

"ಗುಣಿಸಬೇಕೇನ್ರಿ?"

"ಎಂಟು ಬಿಟ್ಟಿಗೆ ಒಂದು ಬೈಟ್ರಿ. ಇದು ಗೊತ್ತಿಲ್ಲದ ಮಂದಿ ಭಾಳ ಮೋಸ ಹೋಗ್ತಾರ."

ಈಗ ಉಳಿದದ್ದು ಮಕ್ಕಳ ಒಪ್ಪಿಗೆ. ಜನಾರ್ದನರಾಯರು ಮಗನ ಕಡೆ ತಿರುಗಿ, "ಪ್ರಜ್ವಲಾ, ಹುಡುಗೀ ಜೋಡಿ ಒಂದೀಟು ಮಾತಾಡೋದಿದ್ರ..." ಎಂದರು. ಹುಡುಗ ಹರ್ಷಿತಾಳ ಮುಖ ನೋಡಿದ. ಹರ್ಷಿತಾ ಸುಸಲಾದ ತಟ್ಟೆಗಳನ್ನು ಕೆಳಗಿಟ್ಟಳು.

"ಅಪ್ಪಾ, ಸೋಮವಾರದಿಂದ ಹೇಳಬೇಕಂತ ಬಂದೀನಿ, ನೀವು ಕೇಳ್ಲೇ ಇಲ್ಲ. ನಮ್ಮಿಬ್ಬರ ಆಫೀಸೂ ಒಂದೇ ಬಿಲ್ಡಿಂಗಿನ್ಯಾಗ ಅವ. ಕ್ಯಾಂಟೀನೂ ಒಂದೇ. ಸೋಮವಾರ ಊಟಕ್ಕ ಕೂತಾಗ ಇಬ್ಬರೂ ಒಪ್ಪಿಗಿ ಅಂತ ಹೇಳಿಕೊಂಡ್ವಿ."

"ನಾನೂ ಮನ್ಯಾಗ ಹೇಳ್ಲಿಕ್ಕೆ ಹೋದೆ" ಎಂದ ಪ್ರಜ್ವಲ. "ಲೈನ್ ಕಡೀತದ, ಸುಮ್ನಿರು ಅಂದ್ರು ಅಪ್ಪ."

ಇಬ್ಬರು ತಂದೆಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜಯತೀರ್ಥರಾಯರಿಗೆ ಸ್ಟೋರ್ ಕೀಪರಿನ ಅಭ್ಯಾಸ ತಡೆಯಲಾಗಲಿಲ್ಲ.

"ಒಪ್ಪಿಗಿ ಹೇಳಿಕೊಳ್ಳಲಿಕ್ಕೆ ಎಷ್ಟು ಹೊತ್ತು ಹಿಡೀತವ್ವಾ?"

"ಹೊತ್ತೇನಪ್ಪಾ? ಸಾರು ಬಡಸೂದ್ರಾಗ ಆತು."

ರಾಯರು ಬೆರಳು ಮಡಚಿ ಲೆಕ್ಕಕ್ಕೆ ತೊಡಗಿದರು. ಒಂದು ಸೌಟು ಸಾರಿಗೆ ಒಂದು ವಾರ, ಅದನ್ನು ಎಂಟರಿಂದ ಗುಣಿಸುವುದೋ ಭಾಗಿಸುವುದೋ ತಿಳಿಯದೆ, ಬೆರಳು ಬಿಚ್ಚಿ ಸುಸಲಾಕ್ಕೆ ಕೈ ಹಾಕಿದರು. ವೇದವತಿ ನಳಿನಿಬಾಯಿಗೆ ಕುಂಕುಮ ಹಚ್ಚಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಸಕ್ಕರೆ ತರಲು ಒಳಗೆ ಓಡಿದರು. ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಮೋಡೆಮ್ಮಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಇಷ್ಟು ಗದ್ದಲ ಕೇಳಿ ಗುಂಡಮ್ಮ ಸುಮ್ಮನಿರುವುದುಂಟೆ? ಕಾಂಪೌಂಡಿನ ಮೇಲೆ ಆಕೆಯ ತಲೆ ಮೂಡಿತು. ಆಟೋ, ಕುಂಕುಮ, ಸಕ್ಕರೆ ಎಲ್ಲವನ್ನೂ ಒಂದೇ ನೋಟದಲ್ಲಿ ಅಳೆದು, ಮುಖವೆಲ್ಲ ಹಿಗ್ಗಿ, "ಅಣ್ಣಗಾರೂ, ಪೆಳ್ಳಿ ಎಪ್ಪುಡು?" ಎಂದು ಕೂಗಿದಳು. ಮದುವೆ ಯಾವಾಗ?

ಬಾಯಿ ತುಂಬ ಸುಸಲಾ ಇದ್ದ ಜಯತೀರ್ಥರಾಯರು ಕಿಟಕಿಯತ್ತ ತಿರುಗಿ, ಕೈ ಎತ್ತಿ, ಹಿಂದುಮುಂದು ನೋಡದೆ ಹೇಳಿದರು:

"ರೇಪು ಆರು ಗಂಟಲಕು ರಂಡಿ!"